ಗಡಗಡ ಅಂದರೆ ಎಷ್ಟು ರಿಕ್ಟರ್?

ರಾತ್ರಿ ಹನ್ನೊಂದರ ಹೊತ್ತಿಗೆ ಫೋನ್ ಬಂತು. ಚಿಂಚೋಳಿ ಕಡೆಯ ಒಂದು ಹಳ್ಳಿ, ಊರಿನ ಹೆಸರು ಬೇಡ. ಮಾತಾಡಿದವರು ನಮಗೆ ಪರಿಚಯದ ಕಿರಾಣಿ ಅಂಗಡಿಯವರು. "ಸರ, ಗಡಗಡ ಆತ್ರಿ" ಎಂದರು. ಅರ್ಧ ನಿದ್ದೆಯಲ್ಲಿದ್ದ ನಾವು, "ಏನ್ ಗಡಗಡ? ಮಳಿನಾ?" ಎಂದು ಕೇಳಿದೆವು.

"ಮಳಿ ಅಲ್ರಿ, ನೆಲ."

ಬೆಳಿಗ್ಗೆ ಎದ್ದು ಬೈಕ್ ಹತ್ತಿ ಹೋದೆವು. ಹತ್ತು ಹನ್ನೆರಡು ಮನೆಗಳಲ್ಲಿ ಕೂತು ಕೇಳಿದೆವು. ಎಲ್ಲರೂ ಹೇಳಿದ್ದು ಒಂದೇ ಪದ, ಗಡಗಡ. ಆದರೆ ಕೂತು ಕೇಳಿದರೆ ಒಬ್ಬೊಬ್ಬರದು ಒಂದೊಂದು ಗಡಗಡ. ಕಟ್ಟೆಯ ಮೇಲೆ ಮಲಗಿದ್ದ ಒಬ್ಬರಿಗೆ ಖಾಲಿ ಲಾರಿ ಊರೊಳಗೆ ಬಂದಂತೆ ಕೇಳಿದೆ. ಎದ್ದು ನೋಡಿದರೆ ರಸ್ತೆಯಲ್ಲಿ ಲಾರಿ ಇಲ್ಲ. ಪತ್ರಾಸಿನ ಮನೆಯವರಿಗೆ ಮೇಲೆ ಮಂಗ ಓಡಾಡಿದಂತೆ ಆಗಿದೆ. ಒಬ್ಬ ಹುಡುಗ ನೆಲದ್ದು ಏನೂ ಗೊತ್ತಾಗಲಿಲ್ಲ, ಅವ್ವ ಕೂಗಿದ್ದಕ್ಕೆ ಎದೆ ಗಡಗಡ ಅಂತು ಎಂದ. ಪ್ರಾಮಾಣಿಕ ಹುಡುಗ. ಎಲ್ಲಕ್ಕಿಂತ ಚೆನ್ನಾಗಿ ಹೇಳಿದ್ದು ಒಬ್ಬ ಅಜ್ಜಿ. ಅವರ ಮನೆಯ ಗೋಡೆಯ ಮಾಡದಲ್ಲಿ ಒಂದರ ಮೇಲೊಂದು ತಾಮ್ರದ ಕೊಡ, ಸ್ಟೀಲ್ ಡಬರಿ ಜೋಡಿಸಿದ್ದಾರೆ. ಅಜ್ಜಿ ಹೇಳಿದ್ದು ಇಷ್ಟು: ಮೊದಲು ಹೊಟ್ಟೆಯೊಳಗಿಂದ ಬಂದಂಗ ಒಂದು ಸಪ್ಪಳ ಬಂತು. ಅದು ಮುಗಿಯೋದರೊಳಗ ಕೊಡ ಗಡಗಡ ಅಂದವು. ಬೀಳಲಿಲ್ಲ. ನಾಯಿ ಮಾತ್ರ ಅದಕ್ಕೂ ಮೊದಲೇ ಬೊಗಳಿತ್ತು.

ಈ ನಾಲ್ಕು ವಾಕ್ಯಗಳನ್ನು ಹಾಗೇ ಕಾಪಿಯಲ್ಲಿ ಬರೆದು ಕಳಿಸಿದೆವು. ಸಂಜೆ ಡೆಸ್ಕಿನಿಂದ ಫೋನ್. "ಇದೇನ್ರಿ ಗಡಗಡ, ಮಕ್ಕಳ ಕತೆಯಾ? ಎಷ್ಟು ರಿಕ್ಟರ್ ಹೇಳಿ." ನಮ್ಮ ಹತ್ತಿರ ರಿಕ್ಟರ್ ಇರಲಿಲ್ಲ. ಮರುದಿನ ಒಳಪುಟದ ಕೆಳಮೂಲೆಯಲ್ಲಿ ಎರಡು ಇಂಚು ಸುದ್ದಿ ಬಂತು: ಲಘು ಕಂಪನದ ಅನುಭವ, ಗ್ರಾಮಸ್ಥರು ಭಯಭೀತ. ಅಜ್ಜಿಯೂ ಇಲ್ಲ, ಕೊಡವೂ ಇಲ್ಲ, ಲಾರಿಯೂ ಇಲ್ಲ. ತಮಾಷೆ ಏನೆಂದರೆ ಅದೇ ದಿನದ ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ ಒಂದು ಗಡಗಡ ಇತ್ತು. ಯಾರೋ ನಾಯಕರು ದೆಹಲಿಗೆ ಹೋಗಿದ್ದಕ್ಕೆ ವಿರೋಧಿ ಬಣದವರು ಗಡಗಡ ನಡುಗಿದ್ದರಂತೆ.

ಮನುಷ್ಯರು ನಡುಗದೇ ಇದ್ದಾಗ ಬಳಸಬಹುದಾದ ಪದವನ್ನು ನೆಲ ನಡುಗಿದಾಗ ಯಾಕೆ ಬಳಸಬಾರದು? ಈ ಬರಹ ಹುಟ್ಟಿದ್ದು ಈ ಪ್ರಶ್ನೆಯಿಂದ. ಸ್ಟ್ರಿಂಗರ್‌ಗಳ ಹಳೆಯ ಗೋಳು ಅಂತ ಪಕ್ಕಕ್ಕಿಡಬೇಡಿ. ಕಾಪಿ ಕತ್ತರಿಸಿದರೆ ನಮಗೆ ನಷ್ಟವಾಗುವುದು ಅಂಗುಲ ಲೆಕ್ಕದ ನಾಲ್ಕು ಕಾಸು, ಅದು ಹೋಗಲಿ. ಹಳ್ಳಿಯವರಿಗೆ ಆಗುವ ನಷ್ಟ ಬೇರೆ.

ಶಾಲೆಯ ವ್ಯಾಕರಣದಲ್ಲಿ ಇಂಥ ಪದಗಳಿಗೆ ಅನುಕರಣಾವ್ಯಯ ಎಂದು ಹೆಸರು. ಪಟಪಟ, ಚಟಚಟ, ದಬದಬ ಎಂದು ಉದಾಹರಣೆ ಬರೆದರೆ ಒಂದು ಅಂಕ. ಅಲ್ಲಿಗೆ ಮುಗೀತು. ಆದರೆ ಈ ಪದಗಳು ಬರೀ ಸದ್ದಿನ ನಕಲಲ್ಲ, ಅವು ಅಳತೆ. ನಮ್ಮ ಜಿಲ್ಲೆ ತೊಗರಿಯದು. ಹೊಲದಲ್ಲಿ ಒಣಗಿದ ತೊಗರಿ ಗಿಡ ಅಲುಗಿಸಿ, ಕಾಯಿಯೊಳಗೆ ಕಾಳು ಗಲಗಲ ಅಂದರೆ ಕೊಯ್ಲಿಗೆ ಬಂತು ಅಂತ ಲೆಕ್ಕ. ಶೇಂಗಾ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಒಣಗಿದೆಯೋ ಇಲ್ಲವೋ ಹೇಳುತ್ತಾರೆ. ತಿಪಟೂರು ಕಡೆಯವರು ಅಟ್ಟದ ಮೇಲೆ ಇಟ್ಟ ಕಾಯಿಯೊಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗಿಟುಕಾಗಿದೆಯೋ ಎಂದು ನೋಡುವುದೂ ಅಲ್ಲಾಡಿಸಿಯೇ. ಅಲ್ಲಿ ತೇವ ಅಳೆಯುವ ಯಂತ್ರ ಬರುವ ಮೊದಲು ಕಿವಿಯೇ ಯಂತ್ರ, ಗಲಗಲ ಎಂಬುದೇ ಅದರ ಮುಳ್ಳು.

ಗಡಗಡದ ಸಂಸಾರ ಇನ್ನೂ ದೊಡ್ಡದು. ಚಳಿಜ್ವರ ಬಂದವನು ಗಡಗಡ ನಡುಗುತ್ತಾನೆ. ಎತ್ತಿನ ಬಂಡಿ ಕಲ್ಲಿನ ದಾರಿಯಲ್ಲಿ ಗಡಗಡ ಹೋಗುತ್ತದೆ. ಬಾವಿಯ ರಾಟೆಗೆ ನಮ್ಮ ಕಡೆ ಗಡಗಡಿ ಎಂದೇ ಹೆಸರು. ಸದ್ದೇ ವಸ್ತುವಿನ ಹೆಸರಾಯಿತು. ಅದರ ತಂಗಿ ಗುಡುಗುಡಿ ಹುಕ್ಕಾ ಆಗಿ ಮುದುಕರ ಕೈ ಸೇರಿತು. ಪಕ್ಕದ ಮರಾಠಿಯಲ್ಲಿ ಗುಡುಗಿಗೆ ಗಡಗಡಾಟ್ ಎನ್ನುತ್ತಾರೆ, ಹಿಂದಿಯಲ್ಲಿ ಗಡ್‌ಗಡಾಹಟ್. ಗಡಿ ದಾಟಿದರೂ ಸದ್ದು ಅದೇ. ಮಾಸ್ತರರು ಎದುರು ನಿಂತಾಗ ಪಾಠ ಗಡಗಡ ಒಪ್ಪಿಸುವ ಹುಡುಗನೂ ಇದೇ ಪದದ ಮನೆಯವನು. (ಗಡಿಕೇಶ್ವರ ಎಂಬ ಊರಿನ ಹೆಸರಿನಲ್ಲೂ ಗಡ ಇದೆಯಲ್ಲ ಎಂದು ಗೆಳೆಯರು ಚುಡಾಯಿಸುತ್ತಾರೆ. ಅದು ಬರೀ ಕಾಕತಾಳೀಯ. ನಕ್ಕು ಬಿಡುವ ಮಾತು.)

ಇಷ್ಟೆಲ್ಲ ಅರ್ಥ ಇರುವುದೇ ಈ ಪದದ ದೋಷ ಎಂದು ಡೆಸ್ಕಿನವರು ಹೇಳಬಹುದು. ಒಂದು ಮಟ್ಟಿಗೆ ಒಪ್ಪುತ್ತೇವೆ. ಗಡಗಡ ಎಂದಾಗ ಸದ್ದು ಕೇಳಿತೋ, ನೆಲ ಅಲುಗಿತೋ, ಮೈ ನಡುಗಿತೋ ಎಂದು ಒಂದೇ ಏಟಿಗೆ ಗೊತ್ತಾಗುವುದಿಲ್ಲ. ಆದರೆ ಅದಕ್ಕೆ ಮದ್ದು ಎರಡನೇ ಪ್ರಶ್ನೆ ಕೇಳುವುದು, ಪದವನ್ನೇ ಹೊಡೆದು ಹಾಕುವುದಲ್ಲ. ಯಾವುದು ಗಡಗಡ ಅಂತು? ಎಷ್ಟು ಹೊತ್ತು? ಸಪ್ಪಳ ಮೊದಲೋ, ಅಲುಗಿದ್ದು ಮೊದಲೋ? ಅಜ್ಜಿ ನಾವು ಕೇಳದೆಯೇ ಈ ಮೂರಕ್ಕೂ ಉತ್ತರ ಕೊಟ್ಟಿದ್ದರು.

ರಿಕ್ಟರ್ ಎಂದು ನಾವು ಬರೆಯುವ ಸಂಖ್ಯೆ ಭೂಕಂಪದ ಮೂಲದಲ್ಲಿ ಬಿಡುಗಡೆಯಾದ ಶಕ್ತಿಯ ಅಂದಾಜು. ಒಂದು ಭೂಕಂಪಕ್ಕೆ ಅಂಥ ಒಂದೇ ಸಂಖ್ಯೆ. ಅದನ್ನು ಯಂತ್ರ ಹೇಳಬೇಕು, ಹಳ್ಳಿಯವರು ಹೇಳಲು ಬರುವುದಿಲ್ಲ. ಆದರೆ ಇನ್ನೊಂದು ಅಳತೆ ಇದೆ. ತೀವ್ರತೆಯದು, ಅಂದರೆ ಒಂದು ಜಾಗದಲ್ಲಿ ಎಷ್ಟು ಅಲುಗಿತು, ಏನೇನಾಯಿತು ಎಂಬುದು. ಮರ್ಕಾಲಿ ಮಾಪಕ ಎಂಬುದು ಇದೇ. ನಮ್ಮ ದೇಶದಲ್ಲಿ ಎಂಎಸ್‌ಕೆ ಎಂಬ ಅದರ ಅಣ್ಣತಮ್ಮನನ್ನೂ ಬಳಸುತ್ತಾರೆ. ಎರಡರಲ್ಲೂ 12 ಮೆಟ್ಟಿಲು. ಮೂರನೇ ಮೆಟ್ಟಿಲಲ್ಲಿ ಹಗುರ ಲಾರಿ ಹಾದುಹೋದಂತೆ ಅನಿಸುತ್ತದೆ. ನಾಲ್ಕನೇ ಮೆಟ್ಟಿಲಲ್ಲಿ ಭಾರದ ಲಾರಿ ಹೋದಂತೆ, ಜೊತೆಗೆ ಪಾತ್ರೆ, ಕಿಟಕಿ, ಬಾಗಿಲು ಸದ್ದು ಮಾಡುತ್ತವೆ. ಐದರಲ್ಲಿ ಮಲಗಿದವರು ಎದ್ದು ಕೂರುತ್ತಾರೆ, ಸಣ್ಣ ಸಾಮಾನು ಉರುಳುತ್ತವೆ. ಈಗ ಕಟ್ಟೆಯ ಮೇಲಿನ ಮನುಷ್ಯನ ಲಾರಿಯನ್ನೂ ಅಜ್ಜಿಯ ಕೊಡವನ್ನೂ ನೆನಪಿಸಿಕೊಳ್ಳಿ. ಕೊಡ ಗಡಗಡ ಅಂದವು, ಬೀಳಲಿಲ್ಲ. ಅದು ನಾಲ್ಕನೇ ಮೆಟ್ಟಿಲು. ಡೆಸ್ಕಿಗೆ ಮಕ್ಕಳ ಕತೆಯಂತೆ ಕಂಡದ್ದು ಭೂಕಂಪ ಶಾಸ್ತ್ರದ ಕೋಷ್ಟಕದೊಳಗಿನ ಸಾಲು. ಅಮೆರಿಕದ ಭೂವಿಜ್ಞಾನ ಇಲಾಖೆಯವರು ಅಂತರ್ಜಾಲದಲ್ಲಿ ಜನರಿಂದ ತುಂಬಿಸಿಕೊಳ್ಳುವ ನಮೂನೆಯಲ್ಲಿ ಇದೇ ಪ್ರಶ್ನೆ ಇದೆ: ಸಾಮಾನುಗಳು ಸದ್ದು ಮಾಡಿದವೇ, ಮೆಲ್ಲಗೋ ಜೋರಾಗೋ, ಬಿದ್ದವೇ? ಅಲ್ಲಿ ಗಡಗಡಕ್ಕೆ ಒಂದು ಚೌಕ ಇದೆ, ಟಿಕ್ ಹಾಕಬಹುದು. ನಮ್ಮಲ್ಲಿ ಗಡಗಡಕ್ಕೆ ಸಿಗುವುದು ಕೆಂಪು ಗೆರೆ.

ಸಪ್ಪಳ ಮೊದಲು ಬಂತು ಎಂಬ ಮಾತೂ ಸುಮ್ಮನೆ ಅಲ್ಲ. ಭೂಕಂಪದಿಂದ ಎರಡು ಬಗೆಯ ಅಲೆ ಹೊರಡುತ್ತವೆ. ಮೊದಲನೆಯದು ಸದ್ದಿನ ಅಲೆಯ ಹಾಗೆ ತಳ್ಳುತ್ತಾ ಬರುತ್ತದೆ. ಗಟ್ಟಿ ಬಂಡೆಯಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಟ. ಅಕ್ಕಪಕ್ಕಕ್ಕೆ ಅಲುಗಿಸುವ ಎರಡನೆಯದು ಸುಮಾರು ಮೂರೂವರೆ ಕಿಲೋಮೀಟರ್. ಮೊದಲ ಅಲೆ ನೆಲದಿಂದ ಗಾಳಿಗೆ ದಾಟಿದಾಗ, ಕಿವಿಗೆ ನಿಲುಕುವ ಕಂಪನ ಅದರಲ್ಲಿದ್ದರೆ ಸದ್ದಾಗಿ ಕೇಳುತ್ತದೆ. ಹತ್ತು ಕಿಲೋಮೀಟರ್ ದೂರದ ಕಂಪನವಾದರೆ ಎರಡು ಅಲೆಗಳ ನಡುವೆ ಹೆಚ್ಚೂಕಡಿಮೆ ಒಂದು ಸೆಕೆಂಡಿನ ಅಂತರ. ಸಪ್ಪಳ ಮುಗಿಯುವಷ್ಟರೊಳಗೆ ಕೊಡ ಅಂದವು ಎಂದರೆ ಮೂಲ ದೂರದ್ದಲ್ಲ, ಇಲ್ಲೇ ಕಾಲಕೆಳಗೆ. ಆಳ ಕಡಿಮೆ ಇರುವ ಸಣ್ಣ ಕಂಪನಗಳೇ ಹೀಗೆ ಸದ್ದು ಮಾಡುವುದು ಹೆಚ್ಚು. ನೆಲ ಅಲುಗಿದ್ದು ಗೊತ್ತೇ ಆಗದೆ ಬರೀ ಸದ್ದು ಕೇಳುವುದೂ ಉಂಟು. ಆಗ ದೂರದಲ್ಲಿರುವ ಯಂತ್ರಕ್ಕೆ ಅದು ಸಿಗದೇ ಹೋಗಬಹುದು. ಹಳ್ಳಿಯ ಕಿವಿಗೆ ಸಿಕ್ಕಿರುತ್ತದೆ.

ನಮ್ಮ ಎರಡು ಇಂಚು ಸುದ್ದಿ ಬಂದ ಮೇಲೆ ಆದದ್ದೂ ಅದೇ. ಆ ಊರಿಗೆ ಒಬ್ಬ ಅಧಿಕಾರಿ ಬಂದರು. ಯಂತ್ರದಲ್ಲಿ ಏನೂ ದಾಖಲಾಗಿಲ್ಲ, ವದಂತಿಗೆ ಕಿವಿಗೊಡಬೇಡಿ ಎಂದರು. ಅವರದು ತಪ್ಪು ಎನ್ನಲು ನಮ್ಮ ಕೈಯಲ್ಲಿ ಏನಿತ್ತು? ಲಘು ಕಂಪನದ ಅನುಭವ ಎಂಬ ಸಾಲು. ಅನುಭವ, ಆತಂಕ, ಭಯಭೀತ. ಈ ಮೂರೂ ಪದಗಳು ಜನರ ಮನಸ್ಸಿನ ಬಗ್ಗೆ ಹೇಳುತ್ತವೆ, ನೆಲದ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ಜನ ಹೆದರಿದ್ದಾರೆ ಎಂದು ಬರೆದರೆ ಧೈರ್ಯ ಹೇಳುವ ಅಧಿಕಾರಿ ಬರುತ್ತಾರೆ. ಕೊಡ ಸದ್ದು ಮಾಡಿದವು, ಬೀಳಲಿಲ್ಲ, ಸಪ್ಪಳ ಮೊದಲು ಬಂತು ಎಂದು ಬರೆದಿದ್ದರೆ ಪ್ರಶ್ನೆ ಕೇಳುವವರು ಬರಬಹುದಿತ್ತು.

ನಮ್ಮ ಭಾಗದಲ್ಲಿ ಇದು ಮಾತಿನ ಜಗಳ ಮಾತ್ರ ಅಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನನ್ನು ಕಳಿಸಿ ಜನ ಮಲಗಿದ್ದ ಹೊತ್ತಿಗೆ, ಲಾತೂರು ಜಿಲ್ಲೆಯ ಕಿಲ್ಲಾರಿ ನೆಲಸಮವಾಯಿತು. ಸತ್ತವರು ಹತ್ತು ಸಾವಿರದ ಹತ್ತಿರ. ಬೀದರ, ಕಲಬುರಗಿಯ ಹಿರಿಯರಿಗೆ ಆ ರಾತ್ರಿ ಇನ್ನೂ ನೆನಪಿದೆ. ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಆಗ ಒಂದನೇ ವಲಯದಲ್ಲಿತ್ತು, ಅಂದರೆ ಅತಿ ಸುರಕ್ಷಿತ. 2002ರಲ್ಲಿ ನಕ್ಷೆ ಪರಿಷ್ಕರಿಸಿದಾಗ ಒಂದನೇ ವಲಯವನ್ನೇ ತೆಗೆದು ಹಾಕಿದರು. ಇನ್ನೊಂದು ಸಂಗತಿ ಕಡಿಮೆ ಜನಕ್ಕೆ ಗೊತ್ತು. ಕಿಲ್ಲಾರಿ ಸುತ್ತ ಹಿಂದಿನ ವರ್ಷ, 1992ರಲ್ಲೇ, ಸಣ್ಣ ಕಂಪನಗಳ ಸರಣಿ ಆಗಿತ್ತು. ಎಲ್ಲ ಸಣ್ಣ ಸರಣಿಯ ಹಿಂದೆಯೂ ದೊಡ್ಡದು ಬರುತ್ತದೆ ಎಂದು ಅಲ್ಲ. ಬಹಳಷ್ಟು ಸಲ ಬರುವುದಿಲ್ಲ. ಮುಂದೆ ಏನಾಗುತ್ತದೆ ಎಂದು ಹೇಳುವ ವಿದ್ಯೆ ವಿಜ್ಞಾನಿಗಳಿಗೂ ಇಲ್ಲ. ಆದರೆ ಯಾವ ಊರಿನಲ್ಲಿ ಯಾವ ಗೋಡೆ ಗಟ್ಟಿ ಮಾಡಬೇಕು, ಎಲ್ಲಿ ಯಂತ್ರ ಇಡಬೇಕು ಎಂದು ತಿಳಿಯಲು ಜನರ ಮಾತಿನ ದಾಖಲೆ ಬೇಕು. ಕಿಲ್ಲಾರಿಯಲ್ಲಿ ಅಷ್ಟು ಜನ ಸತ್ತದ್ದು ಮಣ್ಣಿನ ಗಾರೆಯಲ್ಲಿ ದುಂಡು ಕಲ್ಲು ಜೋಡಿಸಿದ ದಪ್ಪ ಗೋಡೆ, ಅದರ ಮೇಲಿನ ಭಾರದ ಮಣ್ಣಿನ ಮಾಳಿಗೆ ಕುಸಿದು. ನಮ್ಮ ಸೇಡಂ, ಚಿಂಚೋಳಿ ಕಡೆಯ ಹಳೆ ಮನೆಗಳ ಗೋಡೆ, ಶಹಾಬಾದ್ ಕಲ್ಲಿನ ಚಪ್ಪಡಿ ಹಾಸಿದ ಮಾಳಿಗೆ ನೋಡಿದವರಿಗೆ ಮುಂದಿನದು ಬಿಡಿಸಿ ಹೇಳಬೇಕಿಲ್ಲ.

2021ರ ಅಕ್ಟೋಬರ್‌ನಲ್ಲಿ ಗಡಿಕೇಶ್ವರದಲ್ಲಿ ಆದದ್ದು ನಿಮಗೆ ನೆನಪಿರಬಹುದು. ಅಕ್ಟೋಬರ್ 11ರ ರಾತ್ರಿ 4.1 ತೀವ್ರತೆ ಎಂದು ನಾವೇ ಬರೆದೆವು. ಬರೆಯಬೇಕಿದ್ದ ಪದ ಪ್ರಮಾಣ. ಆ ಎರಡರ ವ್ಯತ್ಯಾಸ ನಮಗೂ ಆಗ ಗೊತ್ತಿರಲಿಲ್ಲ ಎಂದು ಇಲ್ಲೇ ಒಪ್ಪಿಕೊಳ್ಳುತ್ತೇವೆ. ಜನ ಮನೆ ಬಿಟ್ಟು ಅಂಗಳದಲ್ಲಿ ಮಲಗಿದರು, ಕೆಲವರು ಊರೇ ಬಿಟ್ಟರು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಬಂದು ಯಂತ್ರ ಇಟ್ಟರು. ಜೋರು ಮಳೆಗಾಲದ ನಂತರ ನೀರು ಬಂಡೆಯ ಬಿರುಕುಗಳಿಗೆ ಇಳಿದು ಒತ್ತಡ ಬದಲಾಗಿ ಇಂಥ ಸಣ್ಣ ಕಂಪನಗಳ ಗುಂಪು ಬರುವುದುಂಟು ಎಂಬ ವಿವರಣೆ ಬಂತು. ಆದರೆ ಆ ಸೀಮೆಯವರು ಭೂಮಿಯೊಳಗಿಂದ ಸದ್ದು ಬರುತ್ತಿದೆ ಎಂದು ಹೇಳುತ್ತಿದ್ದದ್ದು ಆ ಅಕ್ಟೋಬರ್‌ಗಿಂತ ಎಷ್ಟೋ ಮೊದಲಿನಿಂದ. ಆಗ ಅದು ಜಿಲ್ಲಾ ಪುಟದ ಚಿಲ್ಲರೆ ಸುದ್ದಿ. ಯಂತ್ರ ಬಂದದ್ದು ಸಂಖ್ಯೆ ಬಂದ ಮೇಲೆ.

ಇದನ್ನು ಬೆಂಗಳೂರಿನ ಸದ್ದಿನ ಪಕ್ಕ ಇಟ್ಟು ನೋಡಿ. 2020ರ ಮೇ 20ರ ಮಧ್ಯಾಹ್ನ ರಾಜಧಾನಿಯ ಮೇಲೆ ಒಂದು ಭಾರಿ ಸದ್ದು ಕೇಳಿತು, ಕಿಟಕಿಗಳು ಅದುರಿದವು. ಕೆಲವೇ ಗಂಟೆಗಳಲ್ಲಿ ಟಿವಿ ತುಂಬ ಅದೇ. ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರ ಭೂಕಂಪ ಅಲ್ಲ ಎಂದಿತು, ಸಂಜೆ ಹೊತ್ತಿಗೆ ರಕ್ಷಣಾ ಇಲಾಖೆ ವಾಯುಪಡೆಯ ಪರೀಕ್ಷಾ ವಿಮಾನ ಶಬ್ದದ ವೇಗ ದಾಟಿದ್ದರಿಂದ ಆದ ಸದ್ದು ಎಂದು ವಿವರಿಸಿತು. ಒಳ್ಳೆಯದೇ. ಪೇಟೆಯವರು ಕೇಳಿದ ಸದ್ದನ್ನು ಯಾರೂ ವದಂತಿ ಎನ್ನಲಿಲ್ಲ. ಯಂತ್ರದಲ್ಲಿ ಭೂಕಂಪ ದಾಖಲಾಗದಿದ್ದರೆ ಮತ್ತೇನಿರಬಹುದು ಎಂದು ಹುಡುಕಿದರು. ಅದೇ ಉಪಚಾರ ನಮ್ಮ ಹಳ್ಳಿಗೂ ಬೇಕು, ಅಷ್ಟೇ.

ಸದ್ದು ಕೇಳಿದವರು ತಪ್ಪು ಮಾಡುವುದೂ ಉಂಟು. 2021ರ ಜನವರಿ 21ರ ರಾತ್ರಿ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಜನ ಭೂಕಂಪ ಎಂದು ಬೀದಿಗೆ ಓಡಿ ಬಂದರು. ಆಮೇಲೆ ತಿಳಿಯಿತು, ಅದು ಹುಣಸೋಡು ಬಳಿ ಕ್ವಾರಿಯ ಸ್ಫೋಟಕ ತುಂಬಿದ ಲಾರಿ ಸಿಡಿದದ್ದು. ಕಾರ್ಮಿಕರು ಸತ್ತಿದ್ದರು. ನಮಗೆ ಕಾಡುವುದು ಇದು: ಆ ರಾತ್ರಿ ಜನರನ್ನು ಕೇಳಿದ್ದರೆ ಬಹುಶಃ ಅವರ ಬಾಯಲ್ಲಿ ಗಡಗಡಕ್ಕಿಂತ ಧಡ್ ಹೆಚ್ಚು ಬರುತ್ತಿತ್ತು. ಸ್ಫೋಟ ಒಂದು ಏಟು. ಕಂಪನ ಉರುಳುತ್ತಾ ಬರುತ್ತದೆ. ಕನ್ನಡ ಈ ಎರಡಕ್ಕೂ ಬೇರೆ ಬೇರೆ ಪದ ಇಟ್ಟುಕೊಂಡಿದೆ. ಒಂದನ್ನು ಒಂದೇ ಸಲ ಹೇಳುತ್ತೇವೆ, ಇನ್ನೊಂದನ್ನು ಎರಡು ಸಲ. ದೂರದ ಮೋಡಕ್ಕೆ ಗುಡುಗುಡು, ಲೋಹದ ಪಾತ್ರೆಗೆ ಖಣಖಣ, ಸಡಿಲ ಕಿಟಕಿಗೆ ಲಟಲಟ, ಓಡುವ ಕಾಲಿಗೆ ದಡದಡ. ನಾವು ಈ ಎಲ್ಲವನ್ನೂ ಒಟ್ಟು ಸೇರಿಸಿ ಭಾರಿ ಶಬ್ದ ಎಂದು ಬರೆಯುತ್ತೇವೆ. ಕಲ್ಲು ಕ್ವಾರಿಯ ಮಾಲೀಕರಿಗೆ ಇದರಿಂದ ಎಷ್ಟು ಅನುಕೂಲ ಎಂದು ಯೋಚಿಸಿ. ಭಾರಿ ಶಬ್ದ ಯಾವುದರದ್ದೂ ಆಗಬಹುದು.

2022ರ ಜೂನ್, ಜುಲೈನಲ್ಲಿ ಕೊಡಗಿನ ಚೆಂಬು, ಸಂಪಾಜೆ, ಇತ್ತ ಸುಳ್ಯದ ಕಡೆ ಸಣ್ಣ ಕಂಪನಗಳು ಸಾಲಾಗಿ ಬಂದವು. ಅಲ್ಲೂ ಜನ ಮೊದಲು ಹೇಳಿದ್ದು ಸದ್ದಿನ ಬಗ್ಗೆ. ಆ ಭಾಗದ ಸ್ಟ್ರಿಂಗರ್ ಗೆಳೆಯರಿಗೆ ಫೋನ್ ಮಾಡಿದಾಗ ಅವರದೂ ನಮ್ಮದೇ ಕತೆ. ಡೆಸ್ಕಿಗೆ ಬೇಕಿದ್ದದ್ದು ಬಿರುಕು ಬಿಟ್ಟ ಗೋಡೆಯ ಫೋಟೊ. ಬಿರುಕು ಇಲ್ಲದಿದ್ದರೆ ಹಳೆಯ ಬಿರುಕಾದರೂ ಸರಿ.

ಬೈಯುವುದು ಸುಲಭ. ನಮ್ಮ ಪಾಲಿನ ತಪ್ಪೂ ಸಣ್ಣದಲ್ಲ. ಡಿಪ್ಲೊಮಾದಲ್ಲಿ ನಮಗೆ ಕಲಿಸಿದ್ದು ಯಾರು, ಎಲ್ಲಿ, ಯಾವಾಗ, ಏಕೆ, ಹೇಗೆ. ಹೇಗೆ ಎಂಬ ಪ್ರಶ್ನೆಗೆ ಅಧಿಕಾರಿಯ ಹೇಳಿಕೆ ಹಾಕಿದರೆ ಸಾಕು ಎಂದು ನಾವೇ ಅಂದುಕೊಂಡೆವು. ಹಳ್ಳಿಯಲ್ಲಿ ಹುಟ್ಟಿ, ಮನೆಯಲ್ಲಿ ಗಡಗಡ, ಗಲಗಲ ಎನ್ನುತ್ತಾ ಬೆಳೆದು, ಕೀಬೋರ್ಡ್ ಮುಂದೆ ಕೂತ ತಕ್ಷಣ ಕಂಪನದ ಅನುಭವ ಎಂದು ಬರೆಯುವುದನ್ನು ನಮಗೆ ಯಾರೂ ಬಲವಂತವಾಗಿ ಕಲಿಸಲಿಲ್ಲ. ಹಾಗೆ ಬರೆದರೆ ಓದಿದವರ ಹಾಗೆ ಕಾಣುತ್ತೇವೆ ಎಂಬ ಆಸೆ ಇತ್ತು.

ಈಗ ನಾವು ಮೂರು ತಾಲ್ಲೂಕಿನ ನಾಲ್ಕು ಜನ ಸ್ಟ್ರಿಂಗರ್‌ಗಳು ಸೇರಿ ಒಂದು ನೋಟ್‌ಬುಕ್ ಮಾಡಿಕೊಂಡಿದ್ದೇವೆ. ದೊಡ್ಡ ಯೋಜನೆ ಏನಲ್ಲ, ಇಪ್ಪತ್ತು ರೂಪಾಯಿಯ ನೋಟ್‌ಬುಕ್. ಸದ್ದು ಕೇಳಿತು ಎಂದು ಯಾರು ಫೋನ್ ಮಾಡಿದರೂ ಊರು, ಮೊಬೈಲ್ ನೋಡಿ ಸರಿಯಾದ ಸಮಯ, ಅವರು ಬಳಸಿದ ಪದ ಯಾವುದೋ ಅದೇ, ಏನು ಸದ್ದು ಮಾಡಿತು, ಏನು ಬಿತ್ತು, ಮನೆ ಕಲ್ಲಿನದೋ ಪತ್ರಾಸಿನದೋ, ಅವರು ಮಲಗಿದ್ದರೋ ನಿಂತಿದ್ದರೋ, ಹತ್ತಿರ ಕ್ವಾರಿ ಇದೆಯೋ, ಇಷ್ಟನ್ನು ಬರೆದುಕೊಳ್ಳುತ್ತೇವೆ. ಪತ್ರಿಕೆಯಲ್ಲಿ ಬರಲಿ ಬಿಡಲಿ. ತಹಸೀಲ್ದಾರ್ ಕಚೇರಿಗೆ ಒಂದು ಪ್ರತಿ ಕೊಡುತ್ತೇವೆ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುತ್ತೇವೆ. ಬೇರೆ ಜಿಲ್ಲೆಯ ಗೆಳೆಯರೂ ಇದನ್ನು ಮಾಡಬಹುದು. ಸಮಯ ಬರೆಯುವುದನ್ನು ಮಾತ್ರ ಮರೆಯಬೇಡಿ. ಊಟ ಆದ ಮೇಲೆ ಎಂದು ಬರೆದುಕೊಂಡು ನಾವು ಮೊದಲ ನಾಲ್ಕು ದಾಖಲೆಗಳನ್ನು ಕೆಡಿಸಿದೆವು.

ಆ ಕಿರಾಣಿ ಅಂಗಡಿಯವರು ಮಾತ್ರ ಆಮೇಲೆ ಫೋನ್ ಮಾಡಲಿಲ್ಲ. ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ನಾವೇ ಕೇಳಿದೆವು, ಮತ್ತೆ ಆಗಿಲ್ಲವಾ ಎಂದು. ಎರಡು ಸಲ ಆತ್ರಿ ಎಂದರು. ಹೇಳಲಿಲ್ಲ ಯಾಕೆ ಎಂದರೆ, "ನೀವು ಎಷ್ಟು ರಿಕ್ಟರ್ ಅಂತೀರಿ, ಅವರು ವದಂತಿ ಅಂತಾರ. ಯಾಕ ಬೇಕ್ರಿ" ಎಂದು ನಗುತ್ತಾ ಬೆಲ್ಲ ತೂಗಿದರು. ನೋಟ್‌ಬುಕ್ ತೆಗೆದು ಯಾವ ತಾರೀಖು ಎಂದು ಕೇಳಿದೆವು. ಒಂದು ಅಮಾವಾಸ್ಯೆಯ ಮರುದಿನ, ಇನ್ನೊಂದು ನೆನಪಿಲ್ಲ.

ಅಜ್ಜಿಯ ಮನೆಗೂ ಹೋಗಿದ್ದೆವು. ಮಾಡ ಖಾಲಿ ಇತ್ತು. ಕೊಡ, ಡಬರಿ ಎಲ್ಲ ನೆಲಕ್ಕೆ ಇಳಿಸಿ ಗೋಡೆಯಿಂದ ಎರಡು ಮಾರು ದೂರ ಇಟ್ಟಿದ್ದರು. ಹಾಸಿಗೆಯೂ ಬಾಗಿಲ ಹತ್ತಿರ ಬಂದಿತ್ತು.